ಗಾದಿಯ ತಗ್ಗು

೬ ಅಕ್ಟೋಬರ್ ೨೦೨೪, ಭಾನುವಾರ, ವಾಡಿ

ಇವತ್ತು ಮಗಳನ್ನು ಬೈದು ಕಳಿಸಿದೆ. ಯೂನಿಯನ್ನಿನವರು ಕೊಟ್ಟ ಡೈರಿ ಇಷ್ಟು ದಿನ ಟಿ.ವಿ.ಯ ಮೇಲೆ ಧೂಳು ತಿನ್ನುತ್ತ ಬಿದ್ದಿತ್ತು. ಯಾರಿಗಾದರೂ ಹೇಳಬೇಕು ಅನಿಸಿದೆ, ಮನೆಯಲ್ಲಿ ಯಾರೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಗಳು ಭಾಗ್ಯಜ್ಯೋತಿ ದಸರೆಗೆ ಮನೆ ಸ್ವಚ್ಛ ಮಾಡಿಕೊಡುತ್ತೇನೆಂದು ಸೇಡಂನಿಂದ ಬೆಳಗಿನ ಪ್ಯಾಸೆಂಜರಿಗೆ ಬಂದಿದ್ದಳು. ನನಗೆ ಎರಡು ಗಂಟೆಯವರೆಗೆ ಬುಕಿಂಗ್ ಕೌಂಟರಿನಲ್ಲಿ ಡ್ಯೂಟಿ. ಮುಗಿಸಿ ಬಂದು ನೋಡಿದರೆ ಮಂಚ ಖಾಲಿ. ಅವರವ್ವ ರತ್ನಾಳ ಗಾದಿಯನ್ನು ಮಾಳಿಗೆಗೆ ಹೊತ್ತೊಯ್ದು ಬಿಸಿಲಿಗೆ ಹಾಕಿದ್ದಾಳೆ.

"ಹುಳ ಬೀಳ್ತಾವಪ್ಪಾ. ಅವ್ವ ಹೋಗಿ ಎಂಟ್ ತಿಂಗಳಾಯ್ತು. ಒಂದಿನಾರ ಬಿಸಲಿಗಿ ಹಾಕಬ್ಯಾಡೇನು?" ಎಂದಳು.

ಬಿಸಿಲಿಗೆ ಹಾಕಿದರೆ ಹತ್ತಿ ಉಬ್ಬುತ್ತದೆ. ಉಬ್ಬಲಿ ಅಂತಲೇ ಮಂದಿ ಹಾಕುವುದು. ಆದರೆ ರತ್ನಾ ಕೊನೆಯ ವರ್ಷವೆಲ್ಲ ಆ ಗಾದಿಯ ಮೇಲೆ ಎಡಮಗ್ಗುಲಾಗಿ, ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ಭುಜದ ಹತ್ತಿರ ಒಂದು ತಗ್ಗು, ಸೊಂಟದ ಹತ್ತಿರ ಇನ್ನೊಂದು ಬಿದ್ದಿವೆ. ಅವಳ ಸೀರೆಗಳನ್ನು ಅಕ್ಕ ಹಂಚಿಬಿಟ್ಟಳು, ಬಳೆ ಜ್ಯೋತಿ ಒಯ್ದಳು, ಫೋಟೋದಲ್ಲಿ ಅವಳು ಅವಳ ಹಾಗೆ ಕಾಣುವುದಿಲ್ಲ. ಉಳಿದದ್ದು ಆ ತಗ್ಗು. ನಾನು ಅದನ್ನು ಮುಟ್ಟುವುದಿಲ್ಲ. ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತೇನೆ.

"ಯಾರಿಗಿ ಕೇಳಿ ಮುಟ್ಟಿದಿ?" ಎಂದು ಮಾಳಿಗೆಯ ಮೇಲೆ ನಿಂತು ಕೂಗಿದೆ. ಆಚೆ ಮನೆಯವರು ಹೊರಗೆ ಬಂದು ನೋಡಿದರು. ಜ್ಯೋತಿ, "ಅಕಿ ನನಗೂ ಅವ್ವ ಇದ್ಳು" ಎಂದವಳೇ ಅರ್ಧ ಸಾರಿಸಿದ ನೆಲವನ್ನು ಹಾಗೇ ಬಿಟ್ಟು ಸಂಜೆಯ ಗಾಡಿಗೆ ಹೋದಳು.

ಚಿತ್ತಾಪುರದ ಅಕ್ಕನಂತೂ ಮಣ್ಣು ಮಾಡಿ ಬಂದ ದಿನವೇ ಶುರು ಮಾಡಿದ್ದಳು: "ಸತ್ತವರ ಹಾಸಿಗಿ ಮನ್ಯಾಗ ಇಟ್ಕೋಬಾರದೋ ತಮ್ಮಾ. ಊರ ಹೊರಗ ಹಾಕಿ ಬಾ." ನಮ್ಮಲ್ಲಿ ಸೂತಕವಿಲ್ಲ ಎಂದು ಎದೆ ಉಬ್ಬಿಸಿ ಹೇಳುವ ಜನ ನಾವು. ಗಾದಿಗೆ ಮಾತ್ರ ಇದೆಯಂತೆ.

ಗಾದಿಯನ್ನು ತಿರುಗಿ ಮಂಚಕ್ಕೆ ತಂದು ಹಾಕಿದೆ. ಭುಜದ ತಗ್ಗು ಸ್ವಲ್ಪ ಮೇಲೆದ್ದಿದೆ. ಕೈಯಿಂದ ಒತ್ತಿ ನೋಡಿದೆ. ಕೈಯಿಂದ ಒತ್ತಿದರೆ ಕೈಯ ಗುರುತು ಬೀಳುತ್ತದೆ, ಅಷ್ಟೇ.

೭ ಅಕ್ಟೋಬರ್, ಸೋಮವಾರ

ನಿನ್ನೆ ಮಾಳಿಗೆ ಹತ್ತಿದಾಗ ನನ್ನ ಕೋಲು ಕಣ್ಣಿಗೆ ಬಿತ್ತು. ಎರಡು ಕೊಂಡಿಗಳ ಮೇಲೆ ಅಡ್ಡ ಇಟ್ಟದ್ದು. ರತ್ನಾ ಮದುವೆಯಾಗಿ ಬಂದಾಗಿನಿಂದ ಅದರ ಮೇಲೆ ಸೀರೆ ಒಣಗಿಸಿದಳು.

ನನಗೆ ರೈಲ್ವೆ ನೌಕರಿ ಸಿಕ್ಕಿದ್ದೇ ಕೋಲು ಹಾರಿ. ಪೋಲ್ ವಾಲ್ಟ್ ಎಂದರೆ ನಮ್ಮ ಕಡೆ ಯಾರಿಗೂ ತಿಳಿಯುತ್ತಿರಲಿಲ್ಲ. "ಕೋಲು ಊರಿ ಜಿಗಿಯಾವ" ಎಂದರೆ ತಿಳಿಯುತ್ತಿತ್ತು. ಕ್ರೀಡಾ ಕೋಟಾದಲ್ಲಿ ಸೇರಿದೆ, ಕೆಲವು ವರ್ಷ ರೈಲ್ವೆ ವಲಯದ ತಂಡಕ್ಕೆ ಆಡಿದೆ, ಮೊಣಕಾಲು ಕೈಕೊಟ್ಟಿತು, ಕೋಲು ಮಾಳಿಗೆ ಸೇರಿತು. "ನಿಮಗ ನೌಕರಿ ಕೊಡ್ತು, ನನಗ ಹಗ್ಗ ಕಟ್ಟಾದು ತಪ್ಪಿಸ್ತು, ಭಾಳ ಉಪಕಾರಿ ಕೋಲದು" ಎಂದು ರತ್ನಾ ಚೇಷ್ಟೆ ಮಾಡುತ್ತಿದ್ದಳು.

ಹಳೆಯ ಗೆಳೆಯ ಭೀಮಶ್ಯಾನಿಗೆ ಫೋನ್ ಮಾಡಿದೆ. ಅವನು ಆಗ ಜಾವೆಲಿನ್ ಎಸೆಯುತ್ತಿದ್ದ, ಈಗ ಭಂಕೂರದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಮಷಿನ್ ನಡೆಸುತ್ತಾನೆ. ಹಿರಿಯರ ಕ್ರೀಡಾಕೂಟಗಳಿಗೆ ಹೋಗಿ ಇನ್ನೂ ಎಸೆಯುತ್ತಾನೆ.

"ಫೆಬ್ರುವರಿದಾಗ ಕಲಬುರಗಿದಾಗ ಕೂಟ ಅದ. ಕೋಲು ಹಾರವರು ಯಾರೂ ಬರಂಗಿಲ್ಲಂತ ಆ ಆಟಾನೇ ತೆಗೀಲಿಕತ್ತಾರ. ನೀ ಬಾ ಲೇ" ಎಂದ.

"ನನಗ ಐವತ್ತೆರಡು."

"ನನಗೇನ್ ಇಪ್ಪತ್ತೇನು?"

ಕೋಲನ್ನು ಇಳಿಸಿ ಒರೆಸಿದೆ. ಬಿಸಿಲಿಗೆ ಅದರ ಮೈ ಸೀಳುಬಿಟ್ಟಿದೆ. ಅದನ್ನು ಊರಿ ಜಿಗಿದರೆ ಮುರಿದು ಹೊಟ್ಟೆಗೆ ಹೊಕ್ಕೀತು. ತಿರುಗಿ ಕೊಂಡಿಯ ಮೇಲಿಟ್ಟೆ.

೧೩ ಅಕ್ಟೋಬರ್, ಭಾನುವಾರ

ನಿನ್ನೆ ಬನ್ನಿ ಕೊಡಲು ಯಾರ ಮನೆಗೂ ಹೋಗಲಿಲ್ಲ. ಜ್ಯೋತಿಗೆ ಫೋನ್ ಮಾಡಿದೆ, ಅಳಿಯ ಎತ್ತಿದ. ಅವಳು ಅಡುಗೆಮನೆಯಲ್ಲಿದ್ದಾಳೆ ಎಂದ. ಇರಬಹುದು.

ಬೆಳಿಗ್ಗೆ ಮೈದಾನಕ್ಕೆ ಹೋಗಿ ಓಡಿದೆ. ಓಡಿದೆ ಎಂದು ಬರೆದಿದ್ದೇನೆ, ನೋಡಿದವರು ಬೇರೆ ಪದ ಹೇಳಬಹುದು.

೨೭ ಅಕ್ಟೋಬರ್, ಭಾನುವಾರ

ಭೀಮಶ್ಯಾ ಒಂದು ಒಳ್ಳೆಯ ಬಿದಿರ ಗಳ ತಂದ, ತುದಿಗೆ ರಬ್ಬರು ಸುತ್ತಿದ. ಕೋಲಿನ ತುದಿ ಹೋಗಿ ಕೂಡುವ ಬಾಕ್ಸನ್ನು ಫರಸಿ ತುಂಡುಗಳಿಂದ ತಾನೇ ಜೋಡಿಸಿ ಮೈದಾನದ ನೆಲದಲ್ಲಿ ಹೂತ. ಬೀಳುವ ಜಾಗಕ್ಕೆ ಉಸುಕು ಹಾಕಿಸಿದ.

ಮೊದಲ ಸಲ ಕೋಲು ಊರಿದಾಗ ಕೈ ಮರೆತಿರಲಿಲ್ಲ. ಎಡಗೈ ತಾನೇ ಮುಂದೆ ಹೋಯಿತು, ಬಲಗಾಲು ತಾನೇ ಎದ್ದಿತು. ಕಾಲು ನೆಲ ಬಿಟ್ಟಿತು. ಹೆಚ್ಚೆಂದರೆ ಒಂದು ಎಮ್ಮೆಯ ಎತ್ತರ. ಆ ಕ್ಷಣದಲ್ಲಿ ತಲೆಯಲ್ಲಿ ಏನೂ ಇರಲಿಲ್ಲ. ಎಂಟು ತಿಂಗಳಲ್ಲಿ ಏನೂ ಇಲ್ಲದೆ ಇದ್ದ ಕ್ಷಣ ಅದೊಂದೇ. ಆಮೇಲೆ ಉಸುಕಿನ ಮೇಲೆ ಬಿದ್ದೆ. ಈ ವಯಸ್ಸಿಗೆ ಉಸುಕು ಮತ್ತು ಸಿಮೆಂಟು ಎರಡೂ ಒಂದೇ. ಸೊಂಟ ಹಿಡಿದುಕೊಂಡಿದೆ, ಕೌಂಟರಿನಲ್ಲಿ ನಿಂತೇ ಟಿಕೆಟ್ ಕೊಟ್ಟೆ.

"ಮೆತ್ತಂದು ಬೇಕು. ಶಹಾಬಾದದಾಗ ಬಾಬುಮಿಯಾ ಅಂತ ಗಾದಿ ಹೊಲಿಯೋ ಪಿಂಜಾರ ಹಾನ. ಅವನ ಹಂತ್ಯಾಕ ಗಾದಿ ರಾಶಿ ಬಿದ್ದಾವ, ಒಬ್ಬರೂ ಒಯ್ಯಂಗಿಲ್ಲ" ಎಂದ ಭೀಮಶ್ಯಾ. ಯಾಕೆ ಒಯ್ಯುವುದಿಲ್ಲ ಎಂದು ಕೇಳಿದರೆ ನಕ್ಕ.

೩ ನವೆಂಬರ್, ಭಾನುವಾರ

ಶಹಾಬಾದಕ್ಕೆ ಹೋಗಿ ಬಂದೆ. ಬಾಬುಮಿಯಾ ನನಗಿಂತ ಹಿರಿಯ. ಗಡ್ಡ, ಹುಬ್ಬು, ಮೂಗಿನ ಕೂದಲು, ಎಲ್ಲಕ್ಕೂ ಹತ್ತಿ ಅಂಟಿಕೊಂಡಿತ್ತು. ಮುಂದೆ ಅಂಗಡಿ, ಹಿಂದೆ ತಗಡಿನ ಶೆಡ್ಡು. ಶೆಡ್ಡಿನ ತುಂಬ ಹಳೆಯ ಗಾದಿಗಳು.

"ಯಾರವ್ರಿ ಇವೆಲ್ಲಾ?" ಎಂದೆ.

"ಹೋದವರವು ಸಾಬ್. ಮನ್ಯಾಗ ಯಾರಾರ ತೀರ್ಕೊಂಡ್ರ ಮಂದಿ ಗಾದಿ ತಂದು, ಪಿಂಜಿ ಇಡ್ರಿ ಅಂತಾರ. ಒಯ್ಯಾಕ ಮಾತ್ರ ಬರಂಗಿಲ್ಲ. ಬೀದ್ಯಾಗ ಒಗೀಲಿಕ್ಕಿ ಮನಸ್ ಬರಂಗಿಲ್ಲ, ಮನ್ಯಾಗ ಇಟ್ಕೊಳ್ಳಾಕ ಅಂಜಿಕಿ. ನನ್ ಹಂತ್ಯಾಕ ಬಿಟ್ಟು ಹೋಗ್ತಾರ."

"ಹತ್ತಿ ತೆಗೆದು ಬ್ಯಾರೇದವರ ಗಾದಿಗಿ ಹಾಕಬಾರದೇನು?"

"ಲಗ್ನದ ಗಾದಿಗಿ ಇದು ತುಂಬಿದ್ರ ಈಮಾನ ಕೆಡ್ತದ್ರಿ. ಅವರಿಗಿ ತಿಳಿಯಂಗಿಲ್ಲ ಖರೆ. ನನಗ ತಿಳೀತದಲ್ಲ."

ಅವನ ಹೆಂಡತಿ ರಶೀದಾಬೇಗಂ ಚಹಾ ತಂದಳು. ಪಿಂಜುವ ಮಷಿನ್ ನಡೆಸುವವಳು ಅವಳೇ, ಬಾಬುಮಿಯಾ ಹೊಲಿಯುತ್ತಾನೆ. ನಾನು ಗಾದಿಗಳನ್ನು ಯಾತಕ್ಕೆ ಕೇಳುತ್ತಿದ್ದೇನೆಂದು ಭೀಮಶ್ಯಾ ಹೇಳಿದಾಗ ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇವ್ರು ಜಿಗಿತಾರಾ?" ಎಂದು ಗಂಡನನ್ನು ಕೇಳಿದಳು. ನನ್ನನ್ನು ಕೇಳಲಿಲ್ಲ.

ಬೇಕಾದಷ್ಟು ಒಯ್ಯಿರಿ ಎಂದರು. ಮನೆಯಲ್ಲಿ ಅಂಥದ್ದೇ ಇನ್ನೊಂದು ಇದೆ ಎಂದು ನಾನು ಹೇಳಲಿಲ್ಲ.

೧೦ ನವೆಂಬರ್, ಭಾನುವಾರ

ಟೆಂಪೋದಲ್ಲಿ ಗಾದಿಗಳು ವಾಡಿಗೆ ಬಂದವು. ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದೆವು.

ಬೆಳಿಗ್ಗೆ ಮೈದಾನ ಸುತ್ತುವವರಲ್ಲಿ ಗುರುಲಿಂಗಯ್ಯನವರು ಮೊದಲಿಗರು. ನನ್ನ ಕೌಂಟರಿನ ಪಕ್ಕದ ಕೌಂಟರ್ ಅವರದು, ಮನೆಯಲ್ಲಿ ಪೂಜೆ ಮಾಡಿಸುವ ಅಯ್ಯನವರ ಕೆಲಸವೂ ಉಂಟು. ಹತ್ತಿರ ಬಂದರು, ಮೂಗು ಮುರಿದರು.

"ಏನ್ರಿ ಸಾಯಬಣ್ಣ, ಇವು ಎಂಥಾ ಗಾದಿ ಅಂತ ಗೊತ್ತದೇನು ನಿಮಗ?"

"ಗೊತ್ತದ್ರಿ. ಹತ್ತೀವು."

"ಮಶ್ಕಿರಿ ಬ್ಯಾಡ. ಇವಕ್ಕ ಕೈ ಹಚ್ಚಿ ಕೌಂಟರಿಗಿ ಬಂದ್ರ ನನ್ನ ಮುಟ್ಟಬ್ಯಾಡ್ರಿ."

"ಮೊದಲೂ ಮುಟ್ಟಿಲ್ರಿ ನಿಮಗ."

ಈಗ ಅವರು ಗಾದಿಗಳಿಂದ ದೂರ, ಮೈದಾನದ ಅಂಚಿಗೆ ಸುತ್ತುತ್ತಾರೆ. ವಾಕಿಂಗ್ ಉದ್ದವಾಯಿತು. ಅವರ ಆರೋಗ್ಯಕ್ಕೆ ಒಳ್ಳೆಯದು.

ಅಡ್ಡಪಟ್ಟಿ ಕಟ್ಟಿ, ನನ್ನ ಗದ್ದದ ಎತ್ತರಕ್ಕೆ ಇಟ್ಟು ಹಾರಿದೆ. ದಾಟಿದೆ. ನಗಬೇಡ ಎಂದರೂ ಭೀಮಶ್ಯಾ ನಕ್ಕ. ಆಮೇಲೆ ನಾನೂ ನಕ್ಕೆ.

೧೭ ನವೆಂಬರ್, ಭಾನುವಾರ

ಪಟ್ಟಿಯನ್ನು ತಲೆಯ ಮೇಲಕ್ಕೆ ಏರಿಸಿದೆವು. ದಾಟಿದೆ, ಆದರೆ ಬಿದ್ದದ್ದು ಕಲ್ಲಿನ ಮೇಲೆ ಬಿದ್ದ ಹಾಗೆ. ಬೆನ್ನಹುರಿಯ ಬುಡಕ್ಕೆ ಏಟು. ಕಣ್ಣಿಗೆ ಕತ್ತಲೆ ಬಂತು, ಬಹಳ ಹೊತ್ತು ಏಳಲಾಗಲಿಲ್ಲ. ಭೀಮಶ್ಯಾ ಹೆಗಲು ಕೊಟ್ಟು ಎಬ್ಬಿಸಿದ.

೧೯ ನವೆಂಬರ್, ಮಂಗಳವಾರ

ಬಾಬುಮಿಯಾ ಬಂದು ನೋಡಿದ. ಒಂದೊಂದೇ ಗಾದಿಯನ್ನು ಮುಷ್ಟಿಯಿಂದ ಗುದ್ದಿದ.

"ಮಂದಿ ಮಲಗಿ ಮಲಗಿ ಹತ್ತಿ ಕಲ್ಲಾಗ್ಯಾವ ಸಾಬ್. ಮಲಗಿದ ಕಡಿ ತಗ್ಗು, ಆ ತಗ್ಗಿನಾಗೇ ನೀವು ಬಿದ್ರಿ. ಹಿಂಗ ನಡಿಯಂಗಿಲ್ಲ. ಎಲ್ಲಾ ಬಿಚ್ಚಿ ಹೊಸದಾಗಿ ಪಿಂಜಬೇಕು. ಪಿಂಜಿದ್ರ ಹೂವಿನಂಗ ಆಗ್ತಾವ. ಆದ್ರ ನಿಮ್ ಮೈಭಾರಕ್ಕ ಇಷ್ಟು ಹತ್ತಿ ಕಡಿಮಿ ಬೀಳ್ತದ. ಇನ್ನೊಂದು ದೊಡ್ಡ ಗಾದಿದು ಬೇಕು."

ಶೆಡ್ಡಿನಲ್ಲಿ ಇದ್ದದ್ದೆಲ್ಲ ಇಲ್ಲಿಗೇ ಬಂದಿದೆ. ಊರಲ್ಲಿ ಜೀವಂತ ಇರುವವರು ಯಾರೂ ತಮ್ಮ ಗಾದಿಯನ್ನು ಈ ರಾಶಿಗೆ ಸೇರಿಸುವುದಿಲ್ಲ. ಭೀಮಶ್ಯಾ ನನ್ನ ಕಡೆ ನೋಡಿ ಬೇರೆ ಕಡೆ ನೋಡಿದ. ಅವನು ನಮ್ಮ ಮನೆಗೆ ಬಂದಿದ್ದಾನೆ. ಮಂಚದ ಮೇಲೆ ಏನಿದೆಯೆಂದು ಬಲ್ಲ.

ಇಲ್ಲ ಎಂದೆ. ಅವನು ಕೇಳಿರಲಿಲ್ಲ.

೨೪ ನವೆಂಬರ್, ಭಾನುವಾರ

ಮೈದಾನಕ್ಕೆ ಹೋಗಲಿಲ್ಲ. ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದೆ. ಬೆನ್ನು ಬಹಳ ನೋಯುತ್ತಿತ್ತು, ಚಾಪೆಯ ಮೇಲೆ ಕುಳಿತುಕೊಳ್ಳಲಿಕ್ಕೂ ಆಗಲಿಲ್ಲ. ಗಾದಿಯ ಮೇಲೆ ಮಲಗಿದೆ. ಅವಳು ಹೋದ ಮೇಲೆ ಇದೇ ಮೊದಲು.

ತಗ್ಗು ನನಗೆ ಹೊಂದುವುದಿಲ್ಲ. ನನ್ನ ಭುಜ ಅಗಲ, ಅವಳದು ಇಷ್ಟೇ ಇಷ್ಟು. ಎಡಮಗ್ಗುಲಾಗಿ, ಕಾಲು ಮಡಚಿ, ಅವಳು ಮಲಗುತ್ತಿದ್ದ ಹಾಗೇ ಮಲಗಿ ನೋಡಿದೆ. ಕಿಟಕಿಯಿಂದ ಸ್ಟೇಷನ್ನಿನ ಮೇಲ್ಸೇತುವೆ ಕಾಣುತ್ತದೆ. ಪೂರ್ತಿ ಅಲ್ಲ, ನಮ್ಮ ಕಡೆಗೆ ಇಳಿಯುವ ಮೆಟ್ಟಿಲು ಮಾತ್ರ. ಡ್ಯೂಟಿ ಮುಗಿಸಿ ನಾನು ದಿನಾ ಇಳಿದು ಬರುವ ಮೆಟ್ಟಿಲು. ಬಲಮಗ್ಗುಲಾದರೆ ಗೋಡೆ.

ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹುಣ್ಣಾಗುತ್ತವೆ ಎಂದು ಡಾಕ್ಟರು ನೂರು ಸಲ ಹೇಳಿದ್ದರು. ನಾನೇ ಎತ್ತಿ ಬಲಕ್ಕೆ ಹೊರಳಿಸಿ ಡ್ಯೂಟಿಗೆ ಹೋಗುತ್ತಿದ್ದೆ. ಬರುವಷ್ಟರಲ್ಲಿ ಎಡಕ್ಕೆ ಹೊರಳಿರುತ್ತಿದ್ದಳು. "ಹಠಮಾರಿ ಇದ್ದಿ ನೋಡು ನೀ" ಎಂದು ಬೈಯುತ್ತಿದ್ದೆ. "ಈ ಕಡಿ ಗಾಳಿ ಬರ್ತದ್ರಿ" ಎನ್ನುತ್ತಿದ್ದಳು. ನಾನು ನಂಬಿದ್ದೆ.

ಬಹಳ ಅತ್ತೆ. ಮಣ್ಣು ಮಾಡಿದ ದಿನವೂ ಇಷ್ಟು ಅತ್ತಿರಲಿಲ್ಲ. ಆಮೇಲೆ ನಿದ್ದೆ ಹತ್ತಿತು, ಎದ್ದಾಗ ಸಂಜೆಯಾಗಿತ್ತು. ಬೆನ್ನು ಸ್ವಲ್ಪ ಹಗುರಾಗಿದೆ.

೧ ಡಿಸೆಂಬರ್, ಭಾನುವಾರ

ಗಾದಿ ಕೊಟ್ಟೆ. ಅವಳು ಯಾತಕ್ಕೆ ಆ ಮಗ್ಗುಲಾಗಿ ಮಲಗುತ್ತಿದ್ದಳೆಂದು ತಿಳಿದ ಮೇಲೆ ತಗ್ಗನ್ನು ಕಾಯುತ್ತ ಕೂಡುವುದು ಬೇಡ ಅನಿಸಿತು. ಪಿಂಜಿಸಲು ಎಲ್ಲ ಗಾದಿಗಳನ್ನೂ ಟೆಂಪೋದಲ್ಲಿ ಶಹಾಬಾದಕ್ಕೆ ಒಯ್ಯುವಾಗ ಇದನ್ನೂ ಹಾಕಿದೆ.

ಬಾಬುಮಿಯಾನಿಗೆ ಸ್ಪಷ್ಟ ಹೇಳಿದ್ದೇನೆ. ಇದನ್ನು ಬೇರೆ ಪಿಂಜಬೇಕು, ಬೇರೆ ತುಂಬಬೇಕು, ಇದರ ಹತ್ತಿ ಇದಕ್ಕೇ. ಗುರುತಿಗೆ, ಹೊಲಿಗೆ ಡಬ್ಬಿಯಲ್ಲಿ ಸಿಕ್ಕ ರತ್ನಾಳ ಹಸಿರು ಕುಪ್ಪಸದ ಬಟ್ಟೆಯ ತುಂಡೊಂದನ್ನು ಮೂಲೆಗೆ ಹೊಲಿದು ಕೊಟ್ಟೆ. ತಗ್ಗು ಹೋದರೆ ಹೋಗಲಿ, ಹತ್ತಿಯಾದರೂ ಇರುತ್ತದೆ.

"ಅಲ್ಲಾನ ಮ್ಯಾಲ ಆಣಿ ಸಾಬ್, ಒಂದು ಎಳಿ ಆಚಿಗೀಚಿಗಿ ಆಗಂಗಿಲ್ಲ" ಎಂದ.

ಅದನ್ನು ರಾಶಿಯ ಮಧ್ಯದಲ್ಲಿ, ಎಲ್ಲಕ್ಕಿಂತ ಮೇಲೆ ಹಾಕಬೇಕೆಂದುಕೊಂಡಿದ್ದೇನೆ.

೮ ಡಿಸೆಂಬರ್, ಭಾನುವಾರ

ಏನು ಬರೆಯಲಿ. ಆಗಬಾರದ್ದು ಆಯಿತು.

ಹೊಸ ಗಾದಿಗಳನ್ನು ತರಲು ಭೀಮಶ್ಯಾನ ಜೊತೆ ಶಹಾಬಾದಕ್ಕೆ ಹೋದೆ. ಅಂಗಡಿಯ ಮುಂದೆ ಸಾಲಾಗಿ ಇಟ್ಟಿದ್ದರು. ಎಲ್ಲಕ್ಕೂ ಒಂದೇ ನೀಲಿ ಪಟ್ಟೆಯ ಬಟ್ಟೆ, ಎಲ್ಲವೂ ಒಂದೇ ಅಳತೆ, ಉಬ್ಬಿಕೊಂಡು ಕುಳಿತಿದ್ದವು. ಒಂದೊಂದೇ ಮೂಲೆ ಹಿಡಿದು ನೋಡಿದೆ. ಹಸಿರು ತುಂಡು ಎಲ್ಲೂ ಇಲ್ಲ.

ಬಾಬುಮಿಯಾ ಇರಲಿಲ್ಲ. ನಾವು ಗಾದಿ ಇಳಿಸಿ ಬಂದ ಸಂಜೆಯೇ ಚಿಂಚೋಳಿಯಿಂದ ಮಗಳ ಹೆರಿಗೆಯ ಸುದ್ದಿ ಬಂದು ಇದ್ದ ಬಟ್ಟೆಯಲ್ಲೇ ಬಸ್ಸು ಹತ್ತಿದ್ದನಂತೆ. ಹೆಂಡತಿಗೆ ಏನೂ ಹೇಳಿರಲಿಲ್ಲ. ಅವಳು ಬೇರೊಬ್ಬ ಹೊಲಿಯುವವನನ್ನು ಕರೆಸಿ ತಾನೇ ಕೆಲಸ ಮುಗಿಸಿದ್ದಳು.

"ನನ್ನ ಗಾದಿ ಎಲ್ಲದ?" ಎಂದೆ.

"ಎಲ್ಲಾ ನಿಮ್ಮವೇ ಅಲ್ರಿ ಸಾಬ್."

"ಹಸರು ಬಟ್ಟಿ ಹಚ್ಚಿದ್ದು."

ಅವಳು ಒಳಗೆ ಹೋಗಿ ಆ ತುಂಡನ್ನು ಮಡಚಿದ್ದು ತಂದು ಕೊಟ್ಟಳು. "ಛಲೋ ಬಟ್ಟಿ ಅದಂತ ತೆಗೆದಿಟ್ಟೀನ್ರಿ."

"ಆ ಗಾದಿ ಹತ್ತಿ?"

"ಎಲ್ಲಾ ಬಿಚ್ಚಿ ಒಂದೇ ರಾಶಿ ಮಾಡಿ ಪಿಂಜೀನ್ರಿ. ಹಳೀ ಹತ್ತಿ ಸ್ವಲ್ಪ ಗಟ್ಟಿ, ಸ್ವಲ್ಪ ಸಡಿಲ ಇರ್ತದ. ಎಲ್ಲಾ ಕೂಡಿಸಿದ್ರೇ ಒಂದೇ ಸಮ ಮೆತ್ತಗ ಆಗ್ತದ. ನಮ್ ಕೆಲಸಾ ಹಂಗೇ ಅದ್ರಿ."

ನಾನು ಬಾಯಿಗೆ ಬಂದದ್ದು ಅಂದೆ. ಬೀದಿಯವರೆಲ್ಲ ಕೂಡಿದರು. ಏನೇನು ಅಂದೆನೋ ಇಲ್ಲಿ ಬರೆಯುವುದಿಲ್ಲ. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು, "ಯಾರದಿತ್ರಿ ಅದು?" ಎಂದಷ್ಟೇ ಕೇಳಿದಳು. ಭೀಮಶ್ಯಾ ಮೆಲ್ಲಗೆ ಹೇಳಿದ. ಅವಳು ಬಾಗಿಲ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

೯ ಡಿಸೆಂಬರ್, ಸೋಮವಾರ

ಭೀಮಶ್ಯಾ ನಿನ್ನೆಯೇ ಗಾದಿಗಳನ್ನು ವಾಡಿಗೆ ತಂದು ಮೈದಾನದಲ್ಲಿ ಪೇರಿಸಿ ಪ್ಲಾಸ್ಟಿಕ್ ಮುಚ್ಚಿದ್ದಾನೆ. ಇವತ್ತು ಕೌಂಟರಿಗೆ ಬಂದ.

"ಸುಟ್ಟು ಹಾಕು ಎಲ್ಲಾ. ನನಗ ಬ್ಯಾಡ" ಎಂದೆ.

"ಸುಡಾದು ಸಸಾರ ಅದ. ಆದ್ರ ಅದ್ರಾಗ ಅಕಿನೂ ಅದಾಳಲ್ಲೋ" ಎಂದ.

ಹಿಂದೆ ಕ್ಯೂ ನಿಂತಿತ್ತು. ಅವನನ್ನು ಪಕ್ಕಕ್ಕೆ ಸರಿಸಿ, ಸೇಡಂಗೆ ಇಬ್ಬರು ಎಂದವನಿಗೆ ಚಿತ್ತಾಪುರದ ಟಿಕೆಟ್ ಕೊಟ್ಟೆ. ಅವನು ಅದನ್ನು ನೋಡಿಕೊಂಡು ವಾಪಸ್ ಬಂದು ಜಗಳಾಡಿದ.

೧೫ ಡಿಸೆಂಬರ್, ಭಾನುವಾರ

ಮಂಚದ ಮೇಲೆ ಹಲಗೆ ಕಾಣುತ್ತದೆ. ಕೋಣೆ ದೊಡ್ಡದಾಗಿದೆ. ಅಕ್ಕ ಫೋನಿನಲ್ಲಿ, "ಹೊರಗ ಹಾಕಿದಿ, ಛಲೋ ಆಯ್ತು" ಎಂದಳು. ಫೋನ್ ಇಟ್ಟೆ.

೨೨ ಡಿಸೆಂಬರ್, ಭಾನುವಾರ

ಮಧ್ಯಾಹ್ನ ಕಾಲವಲ್ಲದ ಕಾಲಕ್ಕೆ ಮೋಡ ಕವಿಯಿತು. ಕೌಂಟರಿನ ಕಿಂಡಿಯಿಂದ ನೋಡುತ್ತಿದ್ದೆ. ಗಾಳಿ ಎದ್ದಿತು, ಪ್ಲಾಟ್‌ಫಾರ್ಮಿನ ಕಾಗದವೆಲ್ಲ ಹಾರಿದವು. ಮೈದಾನದ ಪ್ಲಾಸ್ಟಿಕ್ ಇದಕ್ಕೆ ನಿಲ್ಲುವುದಿಲ್ಲ ಅನಿಸಿತು.

ಗುರುಲಿಂಗಯ್ಯನವರಿಗೆ, "ನನ್ನ ಕೌಂಟರ್ ಸ್ವಲ್ಪ ನೋಡ್ರಿ" ಎಂದು ಹೇಳಿ ಓಡಿದೆ. ಹೋಗುವಷ್ಟರಲ್ಲಿ ಪ್ಲಾಸ್ಟಿಕ್ ಬೇಲಿಗೆ ಸಿಕ್ಕಿಕೊಂಡು ಬಡಿಯುತ್ತಿತ್ತು, ದಪ್ಪ ಹನಿ ಶುರುವಾಗಿತ್ತು. ಹಗ್ಗ ಬಿಚ್ಚಿದೆ. ಮೈದಾನದ ಆಚೆ ಅಂಚಿನ ಸಾಮಾನಿನ ಕೋಣೆ ದೂರ. ಯಾವುದನ್ನು ಮೊದಲು ಒಳಗೆ ಹಾಕುವುದು? ರತ್ನಾಳ ಗಾದಿ ಇದು ಎಂದು ಒಂದಿದ್ದರೆ ಅದನ್ನು ಹೊತ್ತುಕೊಂಡು ಓಡಿ, ಉಳಿದದ್ದು ನೆನೆಯಲಿ ಅನ್ನಬಹುದಿತ್ತು. ಹಾಗೊಂದು ಇಲ್ಲ. ಎಲ್ಲವನ್ನೂ ಹೊರಬೇಕಾಯಿತು.

ಎರಡನೆಯದನ್ನು ಎಳೆಯುತ್ತಿದ್ದಾಗ ಆ ತುದಿ ಹಗುರಾಯಿತು. ನೋಡಿದರೆ ಗುರುಲಿಂಗಯ್ಯನವರು. ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡಿದ್ದಾರೆ, ಹಣೆಯ ವಿಭೂತಿ ನೀರಾಗಿ ಮೂಗಿನ ಮೇಲೆ ಇಳಿಯುತ್ತಿದೆ.

"ಕೌಂಟರ್?" ಎಂದೆ.

"ಬಂದ್ ಮಾಡಿ ಬಂದೀನಿ. ಜಲ್ದಿ ಹಿಡೀರಿ, ಹತ್ತಿ ನೀರು ಕುಡಿದ್ರ ಹೊರಲಿಕ್ಕಾಗಂಗಿಲ್ಲ."

ಎಲ್ಲ ಒಳಗೆ ಬಂದವು. ಕೊನೆಯ ಎರಡರ ಅಂಚು ಮಾತ್ರ ನೆನೆದಿತ್ತು. ಇಬ್ಬರೂ ಅವುಗಳ ಮೇಲೇ ಕುಳಿತು ಉಸಿರು ತೆಗೆದುಕೊಂಡೆವು. ಅವರು ಕುಳಿತ ಮೇಲೆ ನೆನಪಾಗಿ ಏಳಲು ಹೋದರು, ಮತ್ತೆ ಕುಳಿತರು.

"ನಮ್ಮವ್ವನ ಗಾದಿ ನಾನೇ ಕಾಗಿಣಾ ಹೊಳಿ ದಂಡಿಗಿ ಒಗದು ಬಂದಿದ್ದೆ. ಭಾಳ ಮೆತ್ತಗಿತ್ತು" ಎಂದರು.

ಸ್ಟೇಷನ್ ಮಾಸ್ತರರು ಇಬ್ಬರಿಗೂ ಮೆಮೋ ಕೊಡುತ್ತೇನೆ ಎಂದಿದ್ದಾರೆ. ಕೊಡಲಿ.

೩೦ ಡಿಸೆಂಬರ್, ಸೋಮವಾರ, ಎಳ್ಳಮಾಸಿ

ಭೀಮಶ್ಯಾನ ಹೊಲಕ್ಕೆ ಹೋಗಿದ್ದೆ. ಭಜ್ಜಿ ಪಲ್ಯ, ಸಜ್ಜಿ ರೊಟ್ಟಿ, ಕಡಬು. ಅವನ ಹೆಂಡತಿ ತಿನ್ನು ತಿನ್ನು ಎಂದು ಹಾಕಿದಳು, ನಾನೂ ಬೇಡ ಅನ್ನಲಿಲ್ಲ.

ಮೈದಾನದ ಸುದ್ದಿ: ಹೊಸ ಗಾದಿಗಳ ಮೇಲೆ ಮೊನ್ನೆ ಮೊದಲ ಸಲ ಹಾರಿದೆ. ಬಿದ್ದದ್ದು ಗೊತ್ತಾಗಲಿಲ್ಲ. ಎಲ್ಲ ಕಡೆ ಒಂದೇ ಮೆತ್ತಗೆ. ರಶೀದಾಬೇಗಂ ಹೇಳಿದ್ದು ಖರೆ.

೫ ಜನವರಿ ೨೦೨೫, ಭಾನುವಾರ

ಶಹಾಬಾದಕ್ಕೆ ಹೋಗಿ ರಶೀದಾಬೇಗಂಗೆ ತಪ್ಪಾಯಿತು ಎಂದು ಹೇಳಿ ಬಂದೆ. "ನಾ ಕೇಳಬೇಕಿತ್ರಿ ಸಾಬ್, ಹಸರು ಬಟ್ಟಿ ಯಾಕ ಹಚ್ಯಾರಂತ" ಎಂದಳು. ಬಾಬುಮಿಯಾ ಮೊಮ್ಮಗಳ ಫೋಟೋ ತೋರಿಸಿದ. ಗಾದಿ ಹೇಗಿವೆ ಎಂದು ಇಬ್ಬರೂ ಕೇಳಿದರು. ಗಂಡಸು ಇಷ್ಟು ಎತ್ತರದಿಂದ ಬಿದ್ದರೂ ಹೊಲಿಗೆ ಬಿಟ್ಟಿಲ್ಲ ಎಂದೆ. ರಶೀದಾಬೇಗಂ ನೋಡಲು ಬರುತ್ತಾಳಂತೆ. ಇನ್ನೂ ನಂಬಿಲ್ಲ ಅವಳು.

೧೨ ಜನವರಿ, ಭಾನುವಾರ

ಅಭ್ಯಾಸ ಚೆನ್ನಾಗಿ ನಡೆದಿದೆ. ಭೀಮಶ್ಯಾ ಹೇಳಿದ ಎತ್ತರ ದಾಟಿದೆ. ಈಗ ಮಂಚದ ಮೇಲೆ ಕೌದಿ ಹಾಸಿಕೊಂಡು ಮಲಗುತ್ತೇನೆ, ನೆಲದ ಥಂಡಿ ಬೆನ್ನಿಗೆ ಆಗುವುದಿಲ್ಲ. ಬೆನ್ನಿಗೆ ತಿಕ್ಕುವ ಎಣ್ಣೆ ಮುಗಿದಿದೆ, ತರಬೇಕು.

೨ ಫೆಬ್ರುವರಿ, ಭಾನುವಾರ

ಕಲಬುರಗಿಯ ಕೂಟ ಮುಗಿಯಿತು. ಎರಡನೆಯವನಾಗಿ ಬಂದೆ. ಇದ್ದವರು ಇಬ್ಬರು. ಮೊದಲು ಬಂದವರು ಬೀದರದ ರಿಟೈರ್ಡ್ ಪೊಲೀಸ್, ನನಗಿಂತ ಐದು ವರ್ಷ ಹಿರಿಯರು. ಇಬ್ಬರು ಬಂದದ್ದಕ್ಕೆ ಆಟ ತೆಗೆಯಲಿಲ್ಲ. ಅಲ್ಲಿಯ ಬೀಳುವ ಹಾಸಿಗೆ ಸ್ಪಂಜಿನದು. ನಮ್ಮದರಷ್ಟು ಚಂದ ಇಲ್ಲ.

ಜ್ಯೋತಿಗೆ ಫೋನ್ ಮಾಡಿ ಹೇಳಿದೆ. ಎಷ್ಟು ಎತ್ತರ ಎಂದು ಕೇಳಿದಳು. ಆಮೇಲೆ, "ಅವ್ವ ಇದ್ರ ಭಾಳ ಬೈತಿದ್ಳು ನಿನಗ" ಎಂದಳು. ಹೌದು, ಬೈಯುತ್ತಿದ್ದಳು.

೯ ಫೆಬ್ರುವರಿ, ಭಾನುವಾರ

ರತ್ನಾ ಹೋಗಿ ಇವತ್ತಿಗೆ ವರ್ಷ. ಜ್ಯೋತಿ ನಿನ್ನೆಯೇ ಬಂದಳು. ಅವತ್ತು ಅರ್ಧ ಬಿಟ್ಟಿದ್ದ ನೆಲ ಸಾರಿಸಿದಳು. ಬೆಳಿಗ್ಗೆ ಪೂಜೆ, ಪ್ರಸಾದ ಆಯಿತು. ಗುರುಲಿಂಗಯ್ಯನವರು ಬಂದು ಮಾಡಿಸಿಕೊಟ್ಟರು. ಅಕ್ಕ ಬಂದಿದ್ದಳು, ಕೋಣೆಯೊಳಗೆ ಇಣುಕಿ ನೋಡಿ ತೃಪ್ತಿಪಟ್ಟಳು.

ಅವರೆಲ್ಲ ಹೋದ ಮೇಲೆ ಜ್ಯೋತಿ ಮೆಲ್ಲಗೆ ಕೇಳಿದಳು. "ಅಪ್ಪಾ, ಅವ್ವನ ಗಾದಿ ಎಲ್ಲದ? ನಾ ಮುಟ್ಟಂಗಿಲ್ಲ. ನೋಡ್ತೀನಿ ಅಷ್ಟೇ."

ಮೈದಾನಕ್ಕೆ ಕರೆದುಕೊಂಡು ಹೋದೆ. ಇಳಿಹೊತ್ತಿನ ಬಿಸಿಲು. ಭೀಮಶ್ಯಾ ಮೊದಲೇ ಬಂದು ಪ್ಲಾಸ್ಟಿಕ್ ತೆಗೆದಿದ್ದ. ಗಾದಿಗಳು ಬಿಸಿಲಿಗೆ ಉಬ್ಬಿಕೊಂಡಿದ್ದವು. ಅವ್ವನದು ಇವುಗಳಲ್ಲೇ ಇದೆ ಎಂದೆ. ಜ್ಯೋತಿ ಅವುಗಳ ಸುತ್ತ ಒಂದು ಸುತ್ತು ಬಂದಳು. ಮೂಲೆ ಮೂಲೆ ಮುಟ್ಟಿದಳು, ನಾನು ಅವತ್ತು ಮುಟ್ಟಿ ನೋಡಿದ ಹಾಗೆಯೇ. ಕಣ್ಣಲ್ಲಿ ನೀರು ಬಂದಿತ್ತು.

"ಇದ್ರಾಗ ಅವ್ವಂದು ಯಾವುದಪ್ಪಾ?"

"ಯಾವುದರ ಮ್ಯಾಲಾರ ಮಲಗವ್ವಾ" ಎಂದೆ.

ಚಪ್ಪಲಿ ಬಿಟ್ಟು ಹತ್ತಿದಳು. ಮಧ್ಯದಲ್ಲಿ ಕಾಲು ಮಡಚಿ, ಎಡಮಗ್ಗುಲಾಗಿ ಮಲಗಿದಳು.